ಲೆಕ್ಕದ ಕೆಲಸ ಹಿಡಿಯಬೇಕಾ? ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಗೆ ಹಂತ ಹಂತದ ದಾರಿ

ಬಿಕಾಂ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬರುವ ಪ್ರಶ್ನೆ ಪ್ರತಿ ವರ್ಷವೂ ಒಂದೇ. "ಸರ್, ಡಿಗ್ರಿ ಮುಗೀತು. ಟ್ಯಾಲಿಗೆ ಸೇರಲಾ, ಸಿಎ ಮಾಡಲಾ?" ಟ್ಯಾಲಿ ಅಂದರೆ ಲೆಕ್ಕದ ಸಾಫ್ಟ್‌ವೇರ್, ಸಿಎ ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಓದು. ಕೇಳುವವರು ಸಿಂಧನೂರಿನಿಂದ ಒಬ್ಬರು, ಸಿರುಗುಪ್ಪದಿಂದ ಇನ್ನೊಬ್ಬರು, ಕುಷ್ಟಗಿಯಿಂದ ಮತ್ತೊಬ್ಬರು. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾ ಶುರು ಮಾಡಿದವನು. ಈಗ ತೆರಿಗೆ ಸಲಹೆಯ ಆಫೀಸಿನಲ್ಲಿದ್ದೇನೆ. ಕೆಲಸ ಕೇಳಿಕೊಂಡು ಬರುವವರನ್ನು ನೋಡಿ ನೋಡಿ ಒಂದು ಮಾತು ಖಾತ್ರಿಯಾಗಿದೆ. ನಮ್ಮ ಕಡೆ ಲೆಕ್ಕದ ಕೆಲಸಕ್ಕೆ ಬರ ಇಲ್ಲ. ಸರ್ಟಿಫಿಕೇಟ್ ಹಿಡಿದವರಿಗೂ ಬರ ಇಲ್ಲ. ಒಂದು ಅಂಗಡಿಯ ಒಂದು ತಿಂಗಳ ಲೆಕ್ಕವನ್ನು ಬಿಲ್ಲಿನಿಂದ ಹಿಡಿದು ಸರ್ಕಾರಕ್ಕೆ ಹಾಕುವ ತೆರಿಗೆ ರಿಟರ್ನ್‌ವರೆಗೆ ಯಾರನ್ನೂ ಕೇಳದೆ ಮುಗಿಸುವವರು ಮಾತ್ರ ಸಿಗುವುದಿಲ್ಲ. ಕೆಳಗಿನ ಹಂತಗಳೆಲ್ಲ ನಿಮ್ಮನ್ನು ಅಲ್ಲಿಗೆ ಮುಟ್ಟಿಸಲಿಕ್ಕೆ.

ಬೇಕಾದ್ದು ಹೆಚ್ಚೇನಿಲ್ಲ. ಪಿಯುಸಿ ಪಾಸಾಗಿರಬೇಕು, ಡಿಗ್ರಿ ಇದ್ದರೆ ಒಳ್ಳೆಯದು. 200 ಪುಟದ ಒಂದು ನೋಟ್‌ಬುಕ್ಕು. ದಿನಕ್ಕೆ ಎರಡು ಗಂಟೆ ಸಿಗುವ ಒಂದು ಕಂಪ್ಯೂಟರ್, ಹಳೆಯದಾದರೂ ನಡೆಯುತ್ತದೆ. "ನನಗೆ ಮ್ಯಾಥ್ಸ್ ಬರಲ್ಲ ಸರ್" ಅನ್ನುವವರಿಗೆ ಒಂದು ಮಾತು: ಇಲ್ಲಿ ಬೇಕಾಗಿರುವುದು ಕೂಡುವುದು, ಕಳೆಯುವುದು ಮತ್ತು ಶೇಕಡಾ ಲೆಕ್ಕ. ಅಷ್ಟೇ.

ಹಂತ 1: ಯಾವ ಬಾಗಿಲು ಅಂತ ಮೊದಲು ನೋಡಿ

ಲೆಕ್ಕದ ಕೆಲಸ ಅಂದರೆ ಒಂದೇ ಕೆಲಸ ಅಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಮುಖ್ಯವಾಗಿ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು ಅಂಗಡಿ, ಮಿಲ್ಲು, ಗಂಜ್ (ಎಪಿಎಂಸಿ ಮಾರುಕಟ್ಟೆ). ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳು, ರಾಯಚೂರಿನ ಹತ್ತಿ ವ್ಯಾಪಾರ, ಬಳ್ಳಾರಿಯ ಜೀನ್ಸ್ ಯುನಿಟ್‌ಗಳು, ದಲಾಲಿ ಅಂಗಡಿಗಳು ಇದರಲ್ಲಿ ಬರುತ್ತವೆ. ಬೇಗ ಕೆಲಸ ಸಿಗುವುದು ಇಲ್ಲೇ.

ಎರಡನೆಯದು ತೆರಿಗೆ ಸಲಹೆಗಾರರ ಅಥವಾ ಸಿಎ ಆಫೀಸು. ಶುರುವಿನಲ್ಲಿ ಸಂಬಳ ಕಡಿಮೆ, ಕಲಿಕೆ ಜಾಸ್ತಿ.

ಮೂರನೆಯದು ದೊಡ್ಡ ಕಾರ್ಖಾನೆ ಮತ್ತು ಕಂಪನಿ. ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆ, ಗಿಣಿಗೇರಾ ಸುತ್ತಮುತ್ತಲ ಕಾರ್ಖಾನೆಗಳು, ಸಂಡೂರಿನ ಗಣಿಗಳು, ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ಇಂಥ ಕಡೆ ಅಕೌಂಟ್ಸ್ ವಿಭಾಗವೇ ಬೇರೆ ಇರುತ್ತದೆ. ಇಲ್ಲಿ ಮೇಲಕ್ಕೆ ಹೋಗಬೇಕಾದರೆ ಸಿಎ ಅಥವಾ ವೆಚ್ಚದ ಲೆಕ್ಕ ಕಲಿಸುವ ಸಿಎಂಎ ಓದಿನ ಬೆಲೆ ಗೊತ್ತಾಗುತ್ತದೆ.

ನಾಲ್ಕನೆಯದು ಸರ್ಕಾರಿ ಲೆಕ್ಕಪತ್ರ ಹುದ್ದೆಗಳು ಮತ್ತು ಸಹಕಾರ ಸಂಘಗಳು.

ಯಾವ ಬಾಗಿಲು ಅಂತ ಇವತ್ತೇ ತೀರ್ಮಾನ ಆಗದಿದ್ದರೂ ಪರವಾಗಿಲ್ಲ. 3ನೇ ಹಂತದಿಂದ 5ನೇ ಹಂತದವರೆಗಿನದು ನಾಲ್ಕಕ್ಕೂ ಬೇಕು. ಆದರೆ ಸಿಎ ಕಡೆ ಮನಸ್ಸಿದ್ದರೆ ಮನೆಯಲ್ಲಿ ಬೇಗ ಹೇಳಿಬಿಡಿ, ಅದಕ್ಕೆ ವಯಸ್ಸಿನ ಮಿತಿ ಇಲ್ಲದಿದ್ದರೂ ಮನೆಯವರ ತಾಳ್ಮೆಗೆ ಮಿತಿ ಇರುತ್ತದಲ್ವಾ.

ಹಂತ 2: ಪಿಯುಸಿ ಮತ್ತು ಡಿಗ್ರಿ

ಎಸ್‌ಎಸ್‌ಎಲ್‌ಸಿ ಮುಗಿಸಿದವರಾದರೆ ಕಾಮರ್ಸ್ ತೆಗೆದುಕೊಳ್ಳಿ. ಕಾಂಬಿನೇಷನ್ ಆರಿಸುವಾಗ ಎಚ್‌ಇಬಿಎ, ಎಸ್‌ಇಬಿಎ, ಸಿಇಬಿಎ ಅಂತೆಲ್ಲ ಕೇಳುತ್ತೀರಿ. ಕೊನೆಯ ಮೂರು ಅಕ್ಷರ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಮೊದಲ ಅಕ್ಷರ ಮಾತ್ರ ಬದಲಾಗುತ್ತದೆ: ಇತಿಹಾಸ, ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್. ಸಿಎ, ಸಿಎಂಎ ಆಸೆ ಇದ್ದರೆ ಸಂಖ್ಯಾಶಾಸ್ತ್ರ ಇರುವುದನ್ನು ಆರಿಸಿ, ಮುಂದೆ ಅವುಗಳ ಮೊದಲ ಮೆಟ್ಟಿಲಾದ ಫೌಂಡೇಶನ್ ಪರೀಕ್ಷೆಗೆ ನೇರ ಉಪಯೋಗ.

ಡಿಗ್ರಿಗೆ ಬಿಕಾಂ ಸಾಕು. 2024-25ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಕಾಲೇಜು ಬಳ್ಳಾರಿಯದೋ ಹುಬ್ಬಳ್ಳಿಯದೋ ಅನ್ನುವುದು ಕೆಲಸ ಕೊಡುವವರಿಗೆ ದೊಡ್ಡ ವಿಷಯ ಅಲ್ಲ. ಮನೆ ಬಿಟ್ಟು ಖರ್ಚು ಮಾಡಿ ದೂರ ಹೋಗಿ ಬಿಕಾಂ ಮಾಡುವುದಕ್ಕಿಂತ ಊರಲ್ಲೇ ಓದುತ್ತಾ ಮಧ್ಯಾಹ್ನದ ಮೇಲೆ ಯಾವುದಾದರೂ ಆಫೀಸಿಗೆ ಹೋಗಿ ಬನ್ನಿ. ಈಗಾಗಲೇ ಕೆಲಸಕ್ಕೆ ಸೇರಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರ ಶಿಕ್ಷಣದ ಬಿಕಾಂ ಇದೆ.

ಬಿಎ, ಬಿಎಸ್ಸಿ ಮಾಡಿದವರೂ ಈ ಕೆಲಸಕ್ಕೆ ಬರಬಹುದು. ಮೊದಲ ಆರು ತಿಂಗಳು ಜಾಸ್ತಿ ಬೆವರು ಸುರಿಸಬೇಕಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಜೋಡಿ ಪದಗಳನ್ನು ಬರೆದಿಟ್ಟುಕೊಳ್ಳಿ. ಖರ್ಚು ಅಂದರೆ ಡೆಬಿಟ್, ಜಮಾ ಅಂದರೆ ಕ್ರೆಡಿಟ್. ತಾಳೆ ಪಟ್ಟಿ ಅಂದರೆ ಟ್ರಯಲ್ ಬ್ಯಾಲೆನ್ಸ್. ಅಢಾವೆ ಪತ್ರಿಕೆ ಅಂದರೆ ಬ್ಯಾಲೆನ್ಸ್ ಶೀಟ್. ಸವಕಳಿ ಅಂದರೆ ಡಿಪ್ರಿಸಿಯೇಶನ್. ವಿಷಯ ನಿಮಗೆ ಗೊತ್ತಿರುತ್ತದೆ, ಇಂಗ್ಲಿಷ್ ಹೆಸರು ಕೇಳಿದ ಕೂಡಲೇ ಗೊತ್ತಿಲ್ಲ ಅಂದುಬಿಡುತ್ತೀರಿ. ಇಂಟರ್ವ್ಯೂಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇ ಇದು.

ಹಂತ 3: ಮೊದಲು ಕೈಯಲ್ಲಿ ಬರೆದು ಕಲಿಯಿರಿ

ಇದೇ ಎಲ್ಲರೂ ಹಾರಿಸಿ ಹೋಗುವ ಹಂತ. ಸೀದಾ ಟ್ಯಾಲಿ ಕೋರ್ಸ್‌ಗೆ ಸೇರಿಬಿಡುತ್ತಾರೆ. ಟ್ಯಾಲಿ ಒಂದು ಸಾಫ್ಟ್‌ವೇರ್. ಯಾವ ಖಾತೆಗೆ ಖರ್ಚು ಹಾಕಬೇಕು, ಯಾವುದಕ್ಕೆ ಜಮಾ ಹಾಕಬೇಕು ಅಂತ ಅದಕ್ಕೆ ನೀವು ಹೇಳಬೇಕು. ನೀವು ತಪ್ಪು ಹೇಳಿದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಪ್ರಿಂಟ್ ಮಾಡಿ ಕೊಡುತ್ತದೆ.

ಗಂಜ್‌ನ ಒಂದು ಉದಾಹರಣೆ ನೋಡೋಣ. ಒಬ್ಬ ರೈತ 20 ಕ್ವಿಂಟಲ್ ಹತ್ತಿ ತಂದು ನಿಮ್ಮ ದಲಾಲಿ ಅಂಗಡಿಯಲ್ಲಿ ಇಳಿಸಿದ ಅಂದುಕೊಳ್ಳಿ. ಕ್ವಿಂಟಲ್‌ಗೆ 7,000 ರೂ. ದರದಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲು ಖರೀದಿ ಮಾಡಿತು. ಮೊತ್ತ 1,40,000 ರೂ. ಮಿಲ್ಲಿನಿಂದ ನಿಮಗೆ ಬರುವ ದಲಾಲಿ ಶೇ 2 ಅಂತ ಇಟ್ಟುಕೊಳ್ಳೋಣ, ಅಂದರೆ 2,800 ರೂ. ಮಿಲ್ಲು ಇನ್ನೂ ದುಡ್ಡು ಕೊಟ್ಟಿಲ್ಲ, ಉದ್ರಿ. ರೈತನಿಗೆ ಮಾತ್ರ ಅಂಗಡಿಯವರು ಅವತ್ತೇ 1,00,000 ರೂ. ಬ್ಯಾಂಕಿನಿಂದ ಕಳಿಸಿದರು.

ನೋಟ್‌ಬುಕ್ಕಿನಲ್ಲಿ ಎರಡು ನಮೂದು ಬರುತ್ತವೆ.

ಮೊದಲನೆಯದು: ಮಿಲ್ಲಿನ ಖಾತೆಗೆ ಖರ್ಚು 1,42,800. ರೈತನ ಖಾತೆಗೆ ಜಮಾ 1,40,000. ದಲಾಲಿ ಆದಾಯಕ್ಕೆ ಜಮಾ 2,800.

ಎರಡನೆಯದು: ರೈತನ ಖಾತೆಗೆ ಖರ್ಚು 1,00,000. ಬ್ಯಾಂಕ್ ಖಾತೆಗೆ ಜಮಾ 1,00,000.

ಈಗ ಖಾತೆ ತೆಗೆದು ನೋಡಿ. ಮಿಲ್ಲಿನಿಂದ ನಮಗೆ 1,42,800 ಬರಬೇಕು. ರೈತನಿಗೆ ನಾವು ಇನ್ನೂ 40,000 ಕೊಡಬೇಕು. ಬ್ಯಾಂಕಿನಿಂದ 1,00,000 ಹೋಗಿದೆ. ನಮ್ಮ ಆದಾಯ 2,800. ಬರಬೇಕಾದ್ದು ಒಂದು ಕಡೆ, ಉಳಿದ ಮೂರು ಇನ್ನೊಂದು ಕಡೆ, ಎರಡೂ ಸರಿಯಾಗಿ ಕೂಡುತ್ತವೆ.

ಹೊಸಬರು ಇಲ್ಲಿ ಮಾಡುವ ತಪ್ಪು ಏನು ಗೊತ್ತಾ? 1,40,000 ರೂಪಾಯಿಯನ್ನು ಅಂಗಡಿಯ ಮಾರಾಟ ಅಂತ ಬರೆದುಬಿಡುತ್ತಾರೆ. ಹತ್ತಿ ಅಂಗಡಿಯವರದಲ್ಲ, ರೈತನದು. ಅಂಗಡಿಯ ಗಳಿಕೆ ಆ 2,800 ಮಾತ್ರ. ಈ ಒಂದು ಗೆರೆ ತಪ್ಪಿದರೆ ವರ್ಷದ ಕೊನೆಗೆ ವಹಿವಾಟು ಲಕ್ಷದ ಲೆಕ್ಕದಿಂದ ಕೋಟಿಗೆ ಹಾರುತ್ತದೆ. ಮಾಲೀಕರಿಗೆ ನೋಟಿಸ್ ಬರುತ್ತದೆ, ನಿಮಗೆ ಮಾಲೀಕರಿಂದ ಬರುತ್ತದೆ.

ರೈಸ್ ಮಿಲ್ಲಿನ ಲೆಕ್ಕದಲ್ಲಿ ಇನ್ನೊಂದು ಸೊಗಸು ಇದೆ. ಅಲ್ಲಿ ರೂಪಾಯಿ ಜೊತೆಗೆ ತೂಕವೂ ತಾಳೆ ಆಗಬೇಕು. ಸರ್ಕಾರದ ಭತ್ತವನ್ನು ಮಿಲ್ ಮಾಡಿ ಕೊಡುವಾಗ 100 ಕ್ವಿಂಟಲ್ ಭತ್ತಕ್ಕೆ 67 ಕ್ವಿಂಟಲ್ ಅಕ್ಕಿ ವಾಪಸ್ ಕೊಡಬೇಕು ಅಂತ ಲೆಕ್ಕ, ಕುಚ್ಚಲಕ್ಕಿಯಾದರೆ 68. ಉಳಿದದ್ದು ತೌಡು, ಹೊಟ್ಟು ಮತ್ತು ಒಣಗಿ ಹೋದ ತೂಕ. ಖಾಸಗಿ ಭತ್ತದಲ್ಲಿ ನುಚ್ಚಿನ ಲೆಕ್ಕ ಬೇರೆ ಬರುತ್ತದೆ. ತೌಡನ್ನು ಎಣ್ಣೆ ತೆಗೆಯುವವರು ಕೊಳ್ಳುತ್ತಾರೆ. ಹೊಟ್ಟು ಬಾಯ್ಲರ್‌ಗೂ ಹೋಗುತ್ತದೆ, ಮಾರಾಟಕ್ಕೂ ಹೋಗುತ್ತದೆ. ಸ್ಟಾಕ್ ಪುಸ್ತಕ ಬರೆಯದೆ ಬರೀ ಬಿಲ್ ಹೊಡೆಯುವವನನ್ನು ಮಿಲ್ಲಿನವರು ಲೆಕ್ಕದವನು ಅನ್ನುವುದಿಲ್ಲ, ಆಪರೇಟರ್ ಅನ್ನುತ್ತಾರೆ. ಸಂಬಳವೂ ಹಾಗೇ ಇರುತ್ತದೆ.

ಅಭ್ಯಾಸ ಹೇಗೆ? ನಿಮ್ಮ ಮಾವನದೋ ಪಕ್ಕದ ಮನೆಯವರದೋ ಕಿರಾಣಿ ಅಂಗಡಿ ಇರುತ್ತದಲ್ವಾ. ಒಂದು ತಿಂಗಳ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಉದ್ರಿ ಪುಸ್ತಕ ಕೇಳಿ ತನ್ನಿ. ಈ ಕ್ರಮದಲ್ಲಿ ಬರೆಯಿರಿ.

ಒಂದು, ದಿನದ ಕೀರ್ದಿ, ಅಂದರೆ ನಡೆದದ್ದನ್ನು ತಾರೀಖಿನ ಪ್ರಕಾರ ಬರೆಯುವುದು. ಎರಡು, ಅದರಿಂದ ಖಾತೆಗಳು. ಮೂರು, ತಾಳೆ ಪಟ್ಟಿ. ನಾಲ್ಕು, ಬ್ಯಾಂಕ್ ಹೊಂದಾಣಿಕೆ, ಅಂದರೆ ನಿಮ್ಮ ಪುಸ್ತಕದ ಬ್ಯಾಂಕ್ ಬಾಕಿಗೂ ಪಾಸ್‌ಬುಕ್ಕಿನ ಬಾಕಿಗೂ ಯಾಕೆ ವ್ಯತ್ಯಾಸ ಅಂತ ಒಂದೊಂದೇ ಹುಡುಕುವುದು. ಐದು, ಲಾಭ ನಷ್ಟ ಮತ್ತು ಅಢಾವೆ ಪತ್ರಿಕೆ.

ಈಗ ಯುಪಿಐ ಬಂದ ಮೇಲೆ ನಾಲ್ಕನೆಯದೇ ಕಷ್ಟದ್ದು. ದಿನಕ್ಕೆ ನೂರು ಸಣ್ಣ ಸಣ್ಣ ಜಮಾ. ಅದನ್ನು ತಾಳೆ ಮಾಡಲು ಬಂದರೆ ನಿಮ್ಮ ಅರ್ಧ ಕಲಿಕೆ ಮುಗಿದ ಹಾಗೆ.

ಎಚ್ಚರಿಕೆ: ತಾಳೆ ಪಟ್ಟಿ ಕೂಡಿಬಂತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಪೆಟ್ರೋಲ್ ಖರ್ಚನ್ನು ಹಮಾಲಿ ಖಾತೆಗೆ ಹಾಕಿದರೂ ಅದು ಕೂಡುತ್ತದೆ. ಒಂದು ಬಿಲ್ಲನ್ನೇ ಬರೆಯದೆ ಬಿಟ್ಟರೂ ಕೂಡುತ್ತದೆ.

ಹಂತ 4: ಟ್ಯಾಲಿ ಮತ್ತು ಎಕ್ಸೆಲ್

ಕೈ ಬರಹ ಒಂದು ತಿಂಗಳು ಆದ ಮೇಲೆ ಟ್ಯಾಲಿಗೆ ಬನ್ನಿ. ಬೆಂಗಳೂರಿನ ಕಂಪನಿಯ ಸಾಫ್ಟ್‌ವೇರ್ ಇದು. ಹಳೆಯದು ಇಆರ್‌ಪಿ 9, 2020ರ ಕೊನೆಗೆ ಬಂದದ್ದು ಟ್ಯಾಲಿ ಪ್ರೈಮ್. ಇನ್ನೂ ಇಆರ್‌ಪಿ 9 ಕಲಿಸುತ್ತಿರುವ ಸೆಂಟರ್ ಇದ್ದರೆ ಫೀಸು ಕಟ್ಟಬೇಡಿ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ಟ್ಯಾಲಿ ಪ್ರೈಮ್‌ಗೆ ಲೈಸೆನ್ಸ್ ಇಲ್ಲದೆ ಕಲಿಯಲು ಎಜುಕೇಷನಲ್ ಮೋಡ್ ಅಂತ ಇದೆ. ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡು ಪುಕ್ಕಟೆ ಬಳಸಬಹುದು. ಒಂದೇ ಮಿತಿ, ತಿಂಗಳ 1, 2 ಮತ್ತು ಕೊನೆಯ ತಾರೀಖಿಗೆ ಮಾತ್ರ ನಮೂದು ಹಾಕಲು ಬಿಡುತ್ತದೆ. ಅಭ್ಯಾಸಕ್ಕೆ ಅಷ್ಟು ಸಾಕೇ ಸಾಕು. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಕ್ರ್ಯಾಕ್ ಹಾಕಿಕೊಂಡು ವೈರಸ್ ತಂದುಕೊಳ್ಳಬೇಡಿ.

ಕೀಗಳು ಬೆರಳಿಗೆ ಬರಬೇಕು. ಎಫ್4 ಕಾಂಟ್ರಾ, ಅಂದರೆ ನಗದು ಬ್ಯಾಂಕಿಗೆ ಹೋಗುವುದು, ಬ್ಯಾಂಕಿನಿಂದ ಬರುವುದು. ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. 3ನೇ ಹಂತದಲ್ಲಿ ನೀವು ಕೈಯಲ್ಲಿ ಬರೆದ ಅದೇ ತಿಂಗಳ ಲೆಕ್ಕವನ್ನು ಇಲ್ಲಿ ಹಾಕಿ. ತಾರೀಖು ಬೇಕಾದರೆ ಎಲ್ಲವನ್ನೂ 1ಕ್ಕೆ, 2ಕ್ಕೆ ಹಂಚಿ. ಎರಡೂ ತಾಳೆ ಪಟ್ಟಿ ಒಂದೇ ಬಂದರೆ ನಿಮಗೆ ಟ್ಯಾಲಿ ಬಂತು.

ಸೆಂಟರ್‌ಗೆ ಸೇರುವುದಾದರೆ ಸೇರಿ, ತಪ್ಪೇನಿಲ್ಲ. ಕಲಿಸುವವರು ಎಂದಾದರೂ ನಿಜವಾದ ಅಂಗಡಿಯ ರಿಟರ್ನ್ ಹಾಕಿದ್ದಾರಾ ಅಂತ ಕೇಳಿ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ ಬೋರ್ಡ್ ಹಾಕಿದ್ದರೆ ಕಳೆದ ವರ್ಷ ಸೇರಿದ ಇಬ್ಬರ ಜೊತೆ ಮಾತಾಡಿಸಿ ಅನ್ನಿ. ಅಲ್ಲೇ ಗೊತ್ತಾಗಿಬಿಡುತ್ತದೆ.

ಎಕ್ಸೆಲ್‌ನಲ್ಲಿ ಮೂರು ಸಾಕು: ಸಮ್‌ಇಫ್ಸ್, ವಿಲುಕಪ್, ಪಿವಟ್ ಟೇಬಲ್. ಮೊದಲನೆಯದು ಷರತ್ತು ಹಾಕಿ ಕೂಡಲು, ಎರಡನೆಯದು ಎರಡು ಪಟ್ಟಿಗಳನ್ನು ಹೋಲಿಸಲು, ಮೂರನೆಯದು ಉದ್ದ ಪಟ್ಟಿಯನ್ನು ಒಂದು ಪುಟಕ್ಕೆ ಇಳಿಸಲು.

ಕಂಪನಿ ಕೆಲಸಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ಬರುವ ಕಂಪನಿಗಳು ಎಡಿಟ್ ಲಾಗ್ ಇರುವ ಸಾಫ್ಟ್‌ವೇರನ್ನೇ ಬಳಸಬೇಕು. ಅಂದರೆ ಯಾರು, ಯಾವಾಗ, ಯಾವ ನಮೂದು ತಿದ್ದಿದರು ಅಂತ ಅಳಿಸಲಾಗದ ದಾಖಲೆ ಉಳಿಯುತ್ತದೆ. ತಪ್ಪಾದರೆ ಸುಮ್ನೆ ಡಿಲೀಟ್ ಮಾಡುವ ಚಾಳಿ ಈಗಲೇ ಬಿಡಿ. ತಿದ್ದುಪಡಿ ನಮೂದು ಹಾಕುವುದನ್ನು ಕಲಿಯಿರಿ.

ಹಂತ 5: ಜಿಎಸ್‌ಟಿ, ಟಿಡಿಎಸ್, ಪಿಎಫ್

ಸಂಬಳ ಏರುವುದು ಈ ಹಂತದಿಂದ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಲೆಕ್ಕ ಬರೆಯುವವರ ಕೆಲಸವೇ ಬದಲಾಯಿತು. ಈಗ ತಿಂಗಳು ತಿಂಗಳು ಓಡಾಟ.

ಮೊದಲು ಜಿಎಸ್‌ಟಿ ನಂಬರ್ ಓದಲು ಕಲಿಯಿರಿ. 15 ಅಕ್ಷರ ಇರುತ್ತವೆ. ಮೊದಲೆರಡು ರಾಜ್ಯದ ಕೋಡ್, ಆಮೇಲಿನ ಹತ್ತು ಪ್ಯಾನ್ ನಂಬರ್. ಕರ್ನಾಟಕ 29, ತೆಲಂಗಾಣ 36, ಆಂಧ್ರ 37. ಬೆಂಗಳೂರಿನವರಿಗೆ ಇದು ಅಷ್ಟೇನೂ ತಲೆನೋವಲ್ಲ. ನಮಗೆ ದಿನಬೆಳಗಾದರೆ ಗಡಿ. ರಾಯಚೂರಿನ ಅಂಗಡಿಗೆ ಗದ್ವಾಲ್ ಗಿರಾಕಿ, ಬಳ್ಳಾರಿಯ ಅಂಗಡಿಗೆ ಆದೋನಿ, ಗುಂತಕಲ್ ಗಿರಾಕಿ. ರಾಜ್ಯದ ಒಳಗಿನ ಮಾರಾಟಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಅಂತ ತೆರಿಗೆ ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧರ್ಧ. ಹೊರ ರಾಜ್ಯಕ್ಕೆ ಪೂರ್ತಿ ಐಜಿಎಸ್‌ಟಿ. ಗಿರಾಕಿಯ ಭಾಷೆ ಕೇಳಿ, ಊರಿನ ಹೆಸರು ಕೇಳಿ ಬಿಲ್ ಹಾಕಬೇಡಿ. ಸರಕು ಎಲ್ಲಿಗೆ ಹೋಗುತ್ತದೆ, ನಂಬರ್ ಯಾವುದರಿಂದ ಶುರುವಾಗುತ್ತದೆ ನೋಡಿ. ನಮ್ಮ ಆಫೀಸಿಗೆ ಬರುವ ತಪ್ಪುಗಳಲ್ಲಿ ಮೊದಲ ಸ್ಥಾನ ಇದಕ್ಕೇ.

ಎರಡನೆಯದು ಇನ್‌ಪುಟ್ ಕ್ರೆಡಿಟ್. ಅಂದರೆ ಖರೀದಿ ಮಾಡುವಾಗ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಬಳ್ಳಾರಿಯ ಜೀನ್ಸ್ ಯುನಿಟ್ ಅಹಮದಾಬಾದಿನಿಂದ ಡೆನಿಮ್ ಬಟ್ಟೆ ತರಿಸಿತು ಅಂದುಕೊಳ್ಳಿ. ಬಿಲ್ಲು ಕೈಯಲ್ಲಿದ್ದರೆ ಸಾಲದು. ಆ ಮಾರಾಟಗಾರ ತನ್ನ ಮಾರಾಟದ ವಿವರದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಅದನ್ನು ತೋರಿಸಬೇಕು. ಆಗ ಮಾತ್ರ ನಿಮ್ಮ 2ಬಿ ಪಟ್ಟಿಗೆ, ಅಂದರೆ ಪೋರ್ಟಲ್ ತಾನೇ ಮಾಡಿಕೊಡುವ ಖರೀದಿ ಪಟ್ಟಿಗೆ ಬರುತ್ತದೆ. 2ಬಿ ತಿಂಗಳ 14ಕ್ಕೆ ಸಿದ್ಧವಾಗುತ್ತದೆ. ಅದನ್ನು ಎಕ್ಸೆಲ್‌ಗೆ ಇಳಿಸಿ, ಟ್ಯಾಲಿಯ ಖರೀದಿ ಪಟ್ಟಿ ಜೊತೆ ಹೋಲಿಸಿ, ಬರದ ಬಿಲ್ಲುಗಳಿಗೆ ಫೋನ್ ಮಾಡಿ. ವಿಲುಕಪ್ ಯಾಕೆ ಕಲಿಯಿರಿ ಅಂದೆ ಅಂತ ಈಗ ಗೊತ್ತಾಯಿತಲ್ಲ.

ದರವೂ ಗಮನದಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು ಒಂದಕ್ಕೆ 2,500 ರೂ.ವರೆಗೆ ಇದ್ದರೆ ಶೇ 5, ಮೇಲಿದ್ದರೆ ಶೇ 18. ಹಳೇ ನೋಟ್ಸ್ ಓದಿದವರು 12 ಅಂತಲೇ ಹಾಕುತ್ತಿರುತ್ತಾರೆ.

ಮೂರನೆಯದು ರಾಯಚೂರಿನವರಿಗೆ ಬಹಳ ಮುಖ್ಯ. ನೋಂದಾಯಿತ ವ್ಯಾಪಾರಿ ರೈತನಿಂದ ನೇರವಾಗಿ ಹತ್ತಿ ಕೊಂಡರೆ ರಿವರ್ಸ್ ಚಾರ್ಜ್ ಬೀಳುತ್ತದೆ. ಮಾಮೂಲಿಗೆ ಮಾರುವವನು ತೆರಿಗೆ ಕಟ್ಟುತ್ತಾನೆ, ಇಲ್ಲಿ ಕೊಳ್ಳುವವನು ಕಟ್ಟಬೇಕು. 2017ರ ನವೆಂಬರ್‌ನಿಂದ ಈ ನಿಯಮ ಇದೆ. ಕಟ್ಟಿದ್ದನ್ನು ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬಹುದು. ಆದರೆ ಮೊದಲು ನಗದಾಗಿ ಕಟ್ಟಬೇಕು, ಹಳೇ ಕ್ರೆಡಿಟ್‌ನಲ್ಲಿ ಹೊಂದಿಸಲು ಬರುವುದಿಲ್ಲ. ಭತ್ತಕ್ಕೆ ಇದು ಇಲ್ಲ. ಸಿಂಧನೂರಿನ ಮಿಲ್ಲಿನಲ್ಲಿ ಕಲಿತು ರಾಯಚೂರಿನ ಜಿನ್ನಿಂಗ್‌ಗೆ ಹೋದವರು ಎಡವುವುದು ಇಲ್ಲೇ.

ಇನ್ನು ತಾರೀಖುಗಳು. ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಳ್ಳಿ.

7: ಹಿಂದಿನ ತಿಂಗಳು ಹಿಡಿದ ಟಿಡಿಎಸ್ (ಏನಂತ ಕೆಳಗೆ ಹೇಳಿದ್ದೇನೆ) ಕಟ್ಟುವುದು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30.
11: ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ.
15: ನೌಕರರ ಭವಿಷ್ಯ ನಿಧಿಯಾದ ಪಿಎಫ್, ಆರೋಗ್ಯ ವಿಮೆಯಾದ ಇಎಸ್‌ಐ.
20: ಜಿಎಸ್‌ಟಿಆರ್-3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್. ವೃತ್ತಿ ತೆರಿಗೆಗೂ ಇದೇ ತಾರೀಖು.

ವಹಿವಾಟು ವರ್ಷಕ್ಕೆ 5 ಕೋಟಿವರೆಗೆ ಇದ್ದರೆ ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವ ಆಯ್ಕೆ ಇದೆ. ರಿಟರ್ನ್ ಮೂರು ತಿಂಗಳಿಗೊಮ್ಮೆ, ಹಣ ಕಟ್ಟುವುದು ಮಾತ್ರ ಪ್ರತಿ ತಿಂಗಳು. 3ಬಿ ತಡವಾದರೆ ದಿನಕ್ಕೆ 50 ರೂ. ದಂಡ, ಮೇಲೆ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಹಾಗೇ 50,000 ರೂ. ಮೀರಿದ ಸರಕು ಲಾರಿಗೆ ಹತ್ತುವ ಮೊದಲು ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಆನ್‌ಲೈನ್ ಚೀಟಿ ಆಗಬೇಕು. ಲಾರಿಯನ್ನು ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಫೋನ್ ಬರುವುದು ಮಾಲೀಕರಿಗಲ್ಲ, ನಿಮಗೆ.

ಟಿಡಿಎಸ್ ಅಂದರೆ ಹಣ ಕೊಡುವಾಗಲೇ ಸ್ವಲ್ಪ ಆದಾಯ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಲಾರಿ ಬಾಡಿಗೆ, ಗುತ್ತಿಗೆ, ಕಟ್ಟಡ ಬಾಡಿಗೆ, ಸಂಬಳ ಯಾವುದಕ್ಕೆ ಎಷ್ಟು ಅನ್ನುವ ಒಂದು ಪುಟದ ಪಟ್ಟಿ ಮಾಡಿಕೊಳ್ಳಿ. ಸೆಕ್ಷನ್ ನಂಬರುಗಳನ್ನು ಬಾಯಿಪಾಠ ಮಾಡಬೇಡಿ. 1961ರ ಕಾಯ್ದೆಯ ಜಾಗಕ್ಕೆ ಬರುವ 2025ರ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ 2026ರ ಏಪ್ರಿಲ್ 1. ಅದರಲ್ಲಿ ನಂಬರುಗಳೆಲ್ಲ ಬದಲು. ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿ ಕೊಳ್ಳಿ.

ಹಂತ 6: ಒಂದು ವರ್ಷ ಯಾರಾದರೂ ಕಲಿಸುವವರ ಕೈಕೆಳಗೆ

ನನ್ನನ್ನು ಕೇಳಿದರೆ ಮೊದಲ ಕೆಲಸ ಅಂಗಡಿಗಿಂತ ತೆರಿಗೆ ಆಫೀಸಿನಲ್ಲಿ ಮಾಡಿ. ಒಂದು ಅಂಗಡಿಯಲ್ಲಿ ಒಂದೇ ಥರದ ಲೆಕ್ಕ ನೋಡುತ್ತೀರಿ. ಆಫೀಸಿನಲ್ಲಿ ಒಂದೇ ವಾರದಲ್ಲಿ ಮೆಡಿಕಲ್ ಶಾಪು, ಕಂಟ್ರಾಕ್ಟರು, ರಸಗೊಬ್ಬರದ ಅಂಗಡಿ ಮೂರೂ ಕೈಗೆ ಬರುತ್ತವೆ. ಸಂಬಳ ಎರಡು ಮೂರು ಸಾವಿರ ಕಡಿಮೆ ಇದ್ದರೂ ಮೊದಲ ವರ್ಷ ಸಹಿಸಿಕೊಳ್ಳಿ. ಎರಡನೇ ವರ್ಷವೂ ಅದೇ ಸಂಬಳ, ಅದೇ ಡೇಟಾ ಎಂಟ್ರಿ ಅಂದರೆ ಸಹಿಸಿಕೊಳ್ಳಬೇಡಿ.

ಈ ಹಂತದಲ್ಲಿ ಮೂರು ಗುಂಡಿಗಳಿವೆ, ನೋಡಿಕೊಂಡು ನಡೆಯಿರಿ.

ಒರಿಜಿನಲ್ ಅಂಕಪಟ್ಟಿ ಯಾರಿಗೂ ಕೊಟ್ಟಿಡಬೇಡಿ. ಜೆರಾಕ್ಸ್ ಸಾಕು.

ಯಾರಾದರೂ ನಿಮ್ಮ ಪ್ಯಾನ್, ಆಧಾರ್ ಕೇಳಿ "ನಿನ್ನ ಹೆಸರಲ್ಲಿ ಒಂದು ಜಿಎಸ್‌ಟಿ ನಂಬರ್ ತೆಗೆಯೋಣ, ತಿಂಗಳಿಗೆ ಇಷ್ಟು ಕೊಡ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಆ ನಂಬರಿನಲ್ಲಿ ಸುಳ್ಳು ಬಿಲ್ಲು ಹರಿದಾಡಿದರೆ ಬಾಕಿ, ಬಡ್ಡಿ, ಕೇಸು ಮೂರೂ ನಿಮ್ಮ ಪ್ಯಾನ್ ಮೇಲೆ. ಇಪ್ಪತ್ತೆರಡು ವರ್ಷದ ಹುಡುಗರು ಇದರಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿದ್ದೇನೆ.

ಗಿರಾಕಿಯ ಪಾಸ್‌ವರ್ಡ್ ಮತ್ತು ಒಟಿಪಿ ವಿಷಯದಲ್ಲಿ ನಿಯತ್ತು ಇರಲಿ. ನಿಮ್ಮ ಸ್ವಂತ ಮೊಬೈಲ್ ನಂಬರನ್ನು ಗಿರಾಕಿಯ ಖಾತೆಗೆ ಜೋಡಿಸಬೇಡಿ. ಕೆಲಸ ಬಿಟ್ಟ ಮೇಲೂ ಒಟಿಪಿ ನಿಮಗೇ ಬರುತ್ತಿರುತ್ತದೆ, ಇಬ್ಬರಿಗೂ ಕಿರಿಕಿರಿ.

ಮದುವೆ, ಮಕ್ಕಳು ಅಂತ ಆಫೀಸಿಗೆ ಹೋಗಲಾಗದ ಅಕ್ಕ ತಂಗಿಯರೂ ಕೇಳುತ್ತಿರುತ್ತೀರಿ. ಒಂದು ವರ್ಷದ ಅನುಭವ ಇದ್ದರೆ ಮೂರು ನಾಲ್ಕು ಅಂಗಡಿಗಳ ಲೆಕ್ಕ ಮನೆಯಿಂದಲೇ ಬರೆಯಬಹುದು. ಸ್ವಂತವಾಗಿ ರಿಟರ್ನ್ ಹಾಕುವ ಕಸುಬು ಮಾಡಬೇಕಾದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಣಿ ಮಾಡಿಸಿ. ಬಿಕಾಂ ಆದವರು ಅರ್ಜಿ ಹಾಕಬಹುದು. ಕೇಂದ್ರದ ತೆರಿಗೆ ತರಬೇತಿ ಸಂಸ್ಥೆ ನ್ಯಾಸಿನ್ ನಡೆಸುವ ಪರೀಕ್ಷೆಯಲ್ಲಿ ಶೇ 50 ಅಂಕ ಬೇಕು.

ಹಂತ 7: ಸಿಎ, ಸಿಎಂಎ ಆಸೆ ಇದ್ದರೆ

ಸಿಎ ಮೂರು ಮೆಟ್ಟಿಲು: ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್. ಫೌಂಡೇಶನ್‌ನಲ್ಲಿ ನಾಲ್ಕು ಪೇಪರ್. ಪ್ರತಿ ಪೇಪರ್‌ನಲ್ಲಿ 40, ಒಟ್ಟು ಸೇರಿ ಶೇ 50 ಬರಬೇಕು. ಎರಡು ಪೇಪರ್ ಬರೆಯುವಂಥವು. ಇನ್ನೆರಡು ಗುರುತು ಹಾಕುವಂಥವು, ಅವುಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಂಟರ್‌ನಲ್ಲಿ ಆರು ಪೇಪರ್, ಎರಡು ಗ್ರೂಪ್. ಅದು ಮುಗಿದ ಮೇಲೆ ಆರ್ಟಿಕಲ್‌ಶಿಪ್, ಅಂದರೆ ಒಬ್ಬ ಸಿಎ ಕೈಕೆಳಗೆ ತರಬೇತಿ. ಮೊದಲು ಮೂರು ವರ್ಷ ಇತ್ತು, 2023ರ ಹೊಸ ವ್ಯವಸ್ಥೆಯಲ್ಲಿ ಎರಡು ವರ್ಷ. ಆಮೇಲೆ ಫೈನಲ್, ಮತ್ತೆ ಆರು ಪೇಪರ್.

ಬಿಕಾಂನಲ್ಲಿ ಶೇ 55 ಬಂದಿದ್ದರೆ ಫೌಂಡೇಶನ್ ಬಿಟ್ಟು ನೇರ ಇಂಟರ್‌ಗೆ ಸೇರಬಹುದು. ಬೇರೆ ಡಿಗ್ರಿಗೆ ಶೇ 60. ಇದು ಗೊತ್ತಿಲ್ಲದೆ ಡಿಗ್ರಿ ಆದ ಮೇಲೂ ಫೌಂಡೇಶನ್ ಕೋಚಿಂಗ್‌ಗೆ ದುಡ್ಡು ಕಟ್ಟಿದವರಿದ್ದಾರೆ.

ಬಳ್ಳಾರಿಯಲ್ಲಿ ಐಸಿಎಐ, ಅಂದರೆ ಸಿಎ ಸಂಸ್ಥೆಯ ಶಾಖೆ ಇದೆ. ಸೇರುವ ಮೊದಲು ಅಲ್ಲಿಗೆ ಹೋಗಿ ಮಾತಾಡಿ. ಸಂಸ್ಥೆಯೇ ಆನ್‌ಲೈನ್‌ನಲ್ಲಿ ಪುಕ್ಕಟೆ ಲೈವ್ ಕ್ಲಾಸ್ ನಡೆಸುತ್ತದೆ. ಬೆಂಗಳೂರಿಗೆ ಹೋಗಿ ಪಿಜಿ ಹಿಡಿಯುವ ಮುಂಚೆ ಎರಡು ತಿಂಗಳು ಅವನ್ನೇ ಕೇಳಿ ನೋಡಿ. ಕುಳಿತು ಓದುವ ಅಭ್ಯಾಸ ಊರಲ್ಲೇ ಬರದಿದ್ದರೆ ಬೆಂಗಳೂರಿನಲ್ಲೂ ಬರುವುದಿಲ್ಲ.

ಒಂದು ಕಟು ಸತ್ಯ: ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಬರೆಯುವ ಅವಕಾಶ ಇಲ್ಲ. ಕನ್ನಡ ಮಾಧ್ಯಮದವರು ಪಾಸಾಗುವುದಿಲ್ಲ ಅಂತಲ್ಲ, ಪಾಸಾದವರಿದ್ದಾರೆ. ಕಾನೂನಿನ ಪೇಪರ್‌ಗೆ ಮಾತ್ರ ಬೇರೆಯವರಿಗಿಂತ ಎರಡರಷ್ಟು ಬರೆದು ಅಭ್ಯಾಸ ಮಾಡಿ. ಎಲ್ಲ ಒಂದೇ ಏಟಿಗೆ ಪಾಸಾದರೂ ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಹತ್ತಿರ ಬೇಕು. ಹೆಚ್ಚಿನವರಿಗೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಸಿಎಂಎ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದೇ ಇಲ್ಲ. ಒಂದು ಟನ್ ಉಕ್ಕು ತಯಾರಾಗಲು ಎಷ್ಟು ವೆಚ್ಚ, ಎಲ್ಲಿ ಉಳಿಸಬಹುದು ಅನ್ನುವ ಲೆಕ್ಕದ ಓದು ಅದು. ಉಕ್ಕು, ಗಣಿ, ವಿದ್ಯುತ್ ಇರುವ ನಮ್ಮ ಜಿಲ್ಲೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ, ಇಂಟರ್ ಮತ್ತು ಫೈನಲ್‌ಗೆ ತಲಾ ಎಂಟು ಪೇಪರ್, ತರಬೇತಿ 15 ತಿಂಗಳು. ಡಿಗ್ರಿ ಆದವರಿಗೆ ನೇರ ಇಂಟರ್. ಕೆಲಸ ಮಾಡುತ್ತಾ ಓದುವವರಿಗೆ ನಾನು ಸಿಎಗಿಂತ ಮೊದಲು ಇದನ್ನೇ ಹೇಳುವುದು.

ಹಂತ 8: ಸರ್ಕಾರಿ ದಾರಿ

ಇದನ್ನು ಬೇಗ ಮುಗಿಸುತ್ತೇನೆ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ಹುದ್ದೆಗಳಿಗೆ ಕೆಪಿಎಸ್‌ಸಿ ಅರ್ಜಿ ಕರೆಯುತ್ತದೆ. ಪಂಚಾಯಿತಿಗಳಲ್ಲಿ ಲೆಕ್ಕ ಸಹಾಯಕರ ಹುದ್ದೆಗಳಿವೆ. ಕೇಂದ್ರದ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯಲ್ಲಿ ಆಡಿಟರ್, ಅಕೌಂಟೆಂಟ್ ಹುದ್ದೆಗಳು ಬರುತ್ತವೆ. ಪತ್ತಿನ ಸಹಕಾರ ಸಂಘಗಳಿಗೆ ಸೇರುವ ಮನಸ್ಸಿದ್ದರೆ ಡಿಸಿಎಂ, ಅಂದರೆ ಸಹಕಾರ ನಿರ್ವಹಣೆಯ ಡಿಪ್ಲೊಮಾ ಉಪಯೋಗಕ್ಕೆ ಬರುತ್ತದೆ.

ಒಂದು ಗೊಂದಲ ಬಿಡಿಸುತ್ತೇನೆ. ಗ್ರಾಮ ಲೆಕ್ಕಿಗ ಅನ್ನುವ ಹುದ್ದೆ ಲೆಕ್ಕದ್ದಲ್ಲ, ಕಂದಾಯ ಇಲಾಖೆಯದು. ಈಗ ಅದರ ಹೆಸರೇ ಗ್ರಾಮ ಆಡಳಿತ ಅಧಿಕಾರಿ. ಅದಕ್ಕೆ ಬಿಕಾಂ ಬೇಕಿಲ್ಲ, ಟ್ಯಾಲಿಯೂ ಬೇಕಿಲ್ಲ.

ನಮ್ಮ ಮೂರೂ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿವೆ. ಸಂವಿಧಾನದ 371ಜೆ ವಿಧಿಯಡಿ ಇಲ್ಲಿನ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಇಲ್ಲಿನವರಿಗೇ ಮೀಸಲು. ಅದಕ್ಕೆ ಸಹಾಯಕ ಆಯುಕ್ತರು ಕೊಡುವ 371ಜೆ ಪ್ರಮಾಣಪತ್ರ ಬೇಕು. ಅರ್ಜಿ ಕರೆದ ಮೇಲೆ ಮಾಡಿಸೋಣ ಅಂತ ಕೂತವರು ಕೊನೇ ದಿನ ಎಸಿ ಆಫೀಸಿನ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಸೇರಿಸಿ ಈಗಲೇ ಮಾಡಿಸಿಟ್ಟುಕೊಳ್ಳಿ.

ಹಂತ 9: ಕೆಲಸ ಕೇಳಲು ಹೋಗುವಾಗ

ಸರ್ಟಿಫಿಕೇಟ್ ಫೈಲಿನ ಜೊತೆ ನೀವು ಕೈಯಲ್ಲಿ ಬರೆದ ಆ ನೋಟ್‌ಬುಕ್ಕು, ಟ್ಯಾಲಿಯ ತಾಳೆ ಪಟ್ಟಿಯ ಪ್ರಿಂಟು ಒಯ್ಯಿರಿ. ಅಂಗಡಿಯ ಹೆಸರು, ಪಾರ್ಟಿಗಳ ಹೆಸರು ಮುಚ್ಚಿ ತೋರಿಸಿ, ಬೇರೆಯವರ ಲೆಕ್ಕವನ್ನು ಬಯಲು ಮಾಡುವವನು ಅನ್ನಿಸಿಕೊಳ್ಳಬೇಡಿ.

ಅವರು ಸಾಮಾನ್ಯವಾಗಿ ಕೇಳುವುದು ಇಷ್ಟು. ಬ್ಯಾಂಕ್ ತಾಳೆ ಮಾಡಲು ಬರುತ್ತಾ? 2ಬಿ ನೋಡಲು ಬರುತ್ತಾ? ಗದ್ವಾಲ್ ಪಾರ್ಟಿಗೆ ಯಾವ ತೆರಿಗೆ? ಇ-ವೇ ಬಿಲ್ ತೆಗೆದಿದ್ದೀರಾ? ಬರುವುದಕ್ಕೆ ಬರುತ್ತದೆ ಅನ್ನಿ, ಬರದಿದ್ದಕ್ಕೆ ಇನ್ನೂ ಮಾಡಿಲ್ಲ ಅನ್ನಿ. ಎಲ್ಲ ಬರುತ್ತದೆ ಅಂದವನನ್ನು ಅವರು ಅಲ್ಲೇ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ.

ನೀವೂ ಕೇಳಿ. ಪಿಎಫ್ ಇದೆಯಾ? ಭಾನುವಾರ ರಜೆಯಾ? ನನಗಿಂತ ಮೊದಲು ಇದ್ದವರು ಯಾಕೆ ಬಿಟ್ಟರು?

ಹೋಗುವ ಹಿಂದಿನ ರಾತ್ರಿ ಇನ್ನೊಂದು ಕೆಲಸ ಮಾಡಿ. ಅವರ ಬಿಲ್ಲಿನ ಮೇಲೋ ಬೋರ್ಡಿನ ಮೇಲೋ ಜಿಎಸ್‌ಟಿ ನಂಬರ್ ಇರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆರಿಗೆದಾರರನ್ನು ಹುಡುಕುವ ಕಡೆ ಅದನ್ನು ಹಾಕಿ, ಲಾಗಿನ್ ಬೇಕಿಲ್ಲ. ಯಾವ ತಿಂಗಳ ರಿಟರ್ನ್ ಯಾವ ದಿನ ಹಾಕಿದ್ದಾರೆ ಅಂತ ಪಟ್ಟಿ ಬರುತ್ತದೆ. ಆರು ತಿಂಗಳಿಂದ ಏನೂ ಹಾಕಿಲ್ಲ ಅಂದರೆ ಆ ಹಳೇ ಬಾಕಿಯೆಲ್ಲ ನಿಮ್ಮ ಟೇಬಲ್ಲಿಗೇ ಬರುವುದು. ಸಂಬಳದ ಮಾತು ಆಡುವಾಗ ಅದನ್ನು ನೆನಪಿಟ್ಟುಕೊಂಡು ಆಡಿ.